ಟ್ರೈಲರ್ ಹೀಟರ್ ರಾತ್ರಿ ನಿಂತುಹೋಗುತ್ತಿದೆ, ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ

ಸೊರಬದವನು

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಸ್ಯಾಕ್ರಮೆಂಟೊ ಹತ್ತಿರ. ಏಪ್ರಿಲ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೈಲರ್ (ಗಾಡಿ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ) ತಗೊಂಡೆವು. 22 ಅಡಿ, 2013ರದ್ದು, 30 ಆಂಪ್ ಪ್ಲಗ್, ಮುಂದೆ ಗಾಡಿಗೆ ಸಿಕ್ಕಿಸುವ ಕಡೆ ಒಂದು 12 ವೋಲ್ಟ್ ಬ್ಯಾಟರಿ. ಬೇಸಿಗೆಯಲ್ಲಿ ಮೂರು ಸಲ ಹೋಗಿ ಬಂದೆವು. ಮೂರೂ ಸಲ ಕರೆಂಟ್ ಇರುವ ಜಾಗ, ಏನೂ ತೊಂದರೆ ಆಗಲಿಲ್ಲ.

ಅಕ್ಟೋಬರ್‌ನಲ್ಲಿ ಯೊಸೆಮಿಟಿಗೆ ಹೋದೆವು. ಅಲ್ಲಿನ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಜಾಗ ಸಿಕ್ಕಿತ್ತು. ಯೊಸೆಮಿಟಿಯಲ್ಲಿ ಯಾವ ಸೈಟಿಗೂ ಕರೆಂಟ್ ಇಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೊರಡುವ ಮುಂಚೆ ಎರಡು ದಿನ ಮನೆಯಲ್ಲೇ ಪ್ಲಗ್ ಹಾಕಿ ಬ್ಯಾಟರಿ ಚಾರ್ಜ್‌ಗೆ ಬಿಟ್ಟಿದ್ದೆ. ರಾತ್ರಿ ಹತ್ತಕ್ಕೆ ಹೀಟರ್ ಹಾಕಿ ಮಲಗಿದೆವು. ಒಂದೂವರೆಗೆ ಎಚ್ಚರ ಆಯ್ತು. ಹೀಟರ್ ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ಬಂದು ಬಿಸಿಗಾಳಿ ನಿಂತೇ ಹೋಯಿತು. ಬಾಗಿಲ ಬಳಿಯ ಗ್ಯಾಸ್ ಅಲಾರಂ ಕೀಂ ಕೀಂ ಅಂತ ಕೂಗಲು ಶುರು ಮಾಡಿತು. ಗ್ಯಾಸ್ ಸಿಲಿಂಡರ್ ಎರಡೂ ತುಂಬಿದ್ದವು, ಎದ್ದು ಹೋಗಿ ನೋಡಿದೆ. ಒಂದು ವಿಷಯ ವಿಚಿತ್ರ ಅನ್ನಿಸಿತು: ಹೀಟರ್ ಓಡುವಾಗ ಮಂಕಾಗಿದ್ದ ಲೈಟು, ಹೀಟರ್ ನಿಂತ ಮೇಲೆ ಮತ್ತೆ ಜೋರಾಯಿತು. ಸ್ವಲ್ಪ ಹೊತ್ತಿಗೆ ಹೀಟರ್ ತಾನೇ ಶುರುವಾಗಿ ಮತ್ತೆ ನಿಂತಿತು. ಊರಿಂದ ಅಮ್ಮ ಬಂದಿದ್ದಾರೆ, ಅವರಿಗೆ ಚಳಿ ತಡೆಯುವುದಿಲ್ಲ. ಇದ್ದ ಕಂಬಳಿಗಳನ್ನೆಲ್ಲ ಅಮ್ಮನಿಗೂ ಮಗಳಿಗೂ ಹೊದಿಸಿ ನಾವಿಬ್ಬರು ಜಾಕೆಟ್ ಹಾಕಿಕೊಂಡು ಬೆಳಗಿನವರೆಗೆ ಕೂತಿದ್ದೆವು. ಅಮ್ಮ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಮನೆಗೆ ಬಂದು ಹೊಸ ಬ್ಯಾಟರಿ ಹಾಕಿದೆ. ಪ್ಲಗ್ ಹಾಕಿದ್ದರೆ ಎಲ್ಲ ಲೈಟೂ ಚೆನ್ನಾಗಿ ಉರಿಯುತ್ತವೆ. ಪ್ಲಗ್ ತೆಗೆದು ಹೀಟರ್ ಹಾಕಿದರೆ ಮೂರು ನಾಲ್ಕು ಗಂಟೆಯಲ್ಲಿ ಮತ್ತೆ ಅದೇ ಕಥೆ. ರಿಪೇರಿಯವರು ಬಂದು ಹತ್ತು ನಿಮಿಷ ನೋಡಿ, ಕನ್ವರ್ಟರ್ ಹೋಗಿದೆ, 700 ಡಾಲರ್ ಆಗುತ್ತೆ ಅಂದರು. ಅವರು ಮೀಟರ್ ಹೊರಗೆ ತೆಗೆಯಲೇ ಇಲ್ಲ.

ಇನ್ನೊಂದು ತೊಂದರೆಯೂ ಇದೆ. ಮನೆಯ ಗ್ಯಾರೇಜ್ ಪ್ಲಗ್‌ಗೆ ಟ್ರೈಲರ್ ಸಿಕ್ಕಿಸಿ ಗೀಸರ್‌ನ ಎಲೆಕ್ಟ್ರಿಕ್ ಸ್ವಿಚ್ ಹಾಕಿದ ಕೂಡಲೇ ಗ್ಯಾರೇಜಿನ ಜಿಎಫ್‌ಸಿಐ (ಶಾಕ್ ಹೊಡೆಯದಂತೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇದೇ ಗೀಸರ್ ಚೆನ್ನಾಗಿ ಕೆಲಸ ಮಾಡಿತ್ತು. ಗ್ಯಾರೇಜ್ ಪ್ಲಗ್ ಸಾಲದು ಅಂತ ಮನೆ ಪಕ್ಕ 30 ಆಂಪ್ ಪ್ಲಗ್ ಒಂದು ಹಾಕಿಸೋಣ ಅಂತ ಇದ್ದೇನೆ. ಕನ್ವರ್ಟರ್ ಬದಲಿಸಲೇ? ಗೊತ್ತಿರುವವರು ದಯವಿಟ್ಟು ಹೇಳಿ. ಅಮ್ಮ ಜನವರಿಗೆ ವಾಪಸ್ ಹೋಗುತ್ತಾರೆ, ಅಷ್ಟರೊಳಗೆ ಇನ್ನೊಂದು ಸಲ ಕರ್ಕೊಂಡು ಹೋಗಬೇಕು.

ಉಡುಪಿಯಿಂದ ಟೆಕ್ಸಾಸ್

ಕನ್ವರ್ಟರ್ ಸುಮ್ನೆ ಬದಲಿಸಬೇಡಿ. ಮೊದಲು ಫ್ಯೂಸ್ ಬೋರ್ಡ್ ಮುಚ್ಚಳ ತೆಗೆದು ನೋಡಿ. ಅಲ್ಲಿ ಬೇರೆಯಾಗಿ ಒಂದೇ ಬಣ್ಣದ ಎರಡು ದೊಡ್ಡ ಫ್ಯೂಸ್ ಇರುತ್ತವೆ, 30 ಇಲ್ಲಾ 40 ಆಂಪ್‌ನವು. ಬ್ಯಾಟರಿ ಉಲ್ಟಾ ಸಿಕ್ಕಿಸಿದರೆ ಆ ಕ್ಷಣಕ್ಕೆ ಅವು ಸುಡುತ್ತವೆ, ಬೇರೆ ಏನೂ ಸುಡದಿರಲಿ ಅಂತಲೇ ಅವನ್ನು ಇಟ್ಟಿರುವುದು. ಹೊಸ ಬ್ಯಾಟರಿ ಹಾಕುವಾಗ ಕಪ್ಪು ವೈರ್ ಮೈನಸ್‌ಗೆ ಹಾಕಿದಿರಾ? ಕಾರಿನಲ್ಲಿ ಹಾಗೆ ಸರಿ. ಇಲ್ಲಿನ ಟ್ರೈಲರ್‌ಗಳಲ್ಲಿ ಸಾಮಾನ್ಯವಾಗಿ ಕಪ್ಪು ಪ್ಲಸ್, ಬಿಳಿ ಮೈನಸ್. ನಾನು ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ.

30 ಆಂಪ್ ಪ್ಲಗ್ ಬಗ್ಗೆ ಆಮೇಲೆ ಬರೆಯುತ್ತೇನೆ, ಅದಕ್ಕೆ ಮುಂಚೆ ದಯವಿಟ್ಟು ಯಾರನ್ನೂ ಕರೆಸಬೇಡಿ.

ಶರಾವತಿ ತೀರ

ಉಡುಪಿಯವರು ಹೇಳಿದ ಫ್ಯೂಸ್ ನೋಡುವುದು ಒಳ್ಳೆಯದೇ. ಆದರೆ ಇಲ್ಲಿ ಅದು ಅಲ್ಲ ಅನ್ನಿಸುತ್ತದೆ. ಆ ಫ್ಯೂಸ್ ಹೋಗಿದ್ದರೆ ಪ್ಲಗ್ ತೆಗೆದ ಕೂಡಲೇ ಟ್ರೈಲರ್ ಪೂರ್ತಿ ಕತ್ತಲಾಗಬೇಕಿತ್ತು. ಇವರದ್ದು ಮೂರು ನಾಲ್ಕು ಗಂಟೆ ಓಡುತ್ತಿದೆ.

ಸೊರಬದವರೇ, ಟ್ರೈಲರ್‌ನಲ್ಲಿ ಎರಡು ಬೇರೆ ಬೇರೆ ಕರೆಂಟ್ ಇದೆ. ಹೊರಗಿನ ಪ್ಲಗ್ಗಿಂದ ಬರುವುದು 120 ವೋಲ್ಟ್, ಅದರಲ್ಲಿ ಏಸಿ, ಮೈಕ್ರೋವೇವ್, ಗೋಡೆಯ ಪ್ಲಗ್‌ಗಳು ಮತ್ತು ಗೀಸರ್‌ನ ಕಾಯಿಲ್ ಓಡುತ್ತವೆ. ಲೈಟು, ನೀರಿನ ಪಂಪು, ಹೀಟರ್ ಫ್ಯಾನು, ಅಲಾರಂ, ಫ್ರಿಜ್ಜಿನ ಬೋರ್ಡು, ಇವೆಲ್ಲ 12 ವೋಲ್ಟ್. ಹೀಟರ್ ಗ್ಯಾಸಿನದ್ದೇ ಆದರೂ ಫ್ಯಾನ್ ಇಲ್ಲದೆ ಗ್ಯಾಸ್ ಹೊತ್ತುವುದಿಲ್ಲ. ಕನ್ವರ್ಟರ್ ಅನ್ನುವುದು 120 ತಗೊಂಡು ಸುಮಾರು 13.6 ವೋಲ್ಟ್ ಡಿಸಿ ಮಾಡಿ ಲೈಟಿಗೂ ಕೊಟ್ಟು ಬ್ಯಾಟರಿಯನ್ನೂ ಚಾರ್ಜ್ ಮಾಡುವ ಡಬ್ಬ. ಪ್ಲಗ್ ಹಾಕಿದಾಗ ನಿಮ್ಮ ಲೈಟುಗಳು ಚೆನ್ನಾಗಿ ಉರಿಯುತ್ತವೆ ಅಂದಿರಿ. ಅಂದರೆ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆ. 700 ಡಾಲರ್ ಜೇಬಲ್ಲೇ ಇರಲಿ.

ಈಗ ಲೆಕ್ಕ ನೋಡಿ. ಈ ಅಳತೆಯ ಟ್ರೈಲರ್‌ನ ಹೀಟರ್ ಫ್ಯಾನ್ 7-8 ಆಂಪ್ ಎಳೆಯುತ್ತದೆ. ಹತ್ತರಿಂದ ಒಂದೂವರೆ ಅಂದರೆ ಮೂರೂವರೆ ಗಂಟೆ. ನಡುವೆ ಒಂದು ಸಲವೂ ನಿಲ್ಲದೆ ಓಡಿತು ಅಂದುಕೊಂಡರೂ 28 ಆಂಪ್-ಅವರ್ (ಆಂಪ್ ಗುಣಿಸು ಗಂಟೆ). ಇಂಥ ಟ್ರೈಲರ್‌ನ ಒಂದು ಬ್ಯಾಟರಿಯಲ್ಲಿ ಸಾಮಾನ್ಯವಾಗಿ 75-80 ಇರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಬಿಟ್ಟರೂ 38-40 ಸಿಗಬೇಕು. ಅಂದರೆ ಬ್ಯಾಟರಿ ಖಾಲಿ ಆಗಿರಲಿಲ್ಲ.

ಹೀಟರ್ ನಿಂತ ಮೇಲೆ ಲೈಟು ಮತ್ತೆ ಜೋರಾಯಿತು ಅಂತ ಬರೆದಿದ್ದೀರಲ್ಲ, ನನಗೆ ಮುಖ್ಯ ಅನ್ನಿಸಿದ್ದು ಆ ಮಾತು. ಓವರ್‌ಹೆಡ್ ಟ್ಯಾಂಕ್ ತುಂಬಿದೆ, ಆದರೆ ಪೈಪಿನಲ್ಲಿ ಕಸ ಕಟ್ಟಿದೆ ಅಂದುಕೊಳ್ಳಿ. ನಲ್ಲಿ ಸ್ವಲ್ಪ ತಿರುಗಿಸಿದರೆ ನೀರು ಬರುತ್ತದೆ, ಪೂರ್ತಿ ತಿರುಗಿಸಿದರೆ ಜೋರು ಇರುವುದಿಲ್ಲ. ಬ್ಯಾಟರಿಯಿಂದ ಫ್ಯೂಸ್ ಬೋರ್ಡಿಗೆ ಹೋಗುವ ದಾರಿಯಲ್ಲಿ ಎಲ್ಲೋ ಹಾಗೆ ಕಟ್ಟಿಕೊಂಡಿದೆ. ಹೀಟರ್ ಒಳಗೊಂದು ಗಾಳಿ ಸ್ವಿಚ್ ಇರುತ್ತದೆ. ಫ್ಯಾನ್ ಸಾಕಷ್ಟು ಜೋರಾಗಿ ತಿರುಗಿ ಗಾಳಿ ಅದನ್ನು ತಳ್ಳಿದರೆ ಮಾತ್ರ ಗ್ಯಾಸ್ ಬಿಡುತ್ತದೆ. ವೋಲ್ಟೇಜ್ 10.5ರ ಹತ್ತಿರ ಬಂದರೆ ಫ್ಯಾನ್ ನಿಧಾನ ಆಗಿ ಸ್ವಿಚ್ ಬಿಟ್ಟುಕೊಳ್ಳುತ್ತದೆ, ಗ್ಯಾಸ್ ನಿಲ್ಲುತ್ತದೆ. ನಿಮ್ಮ ಮನೆಯವರೆಲ್ಲ ಚಳಿಯಲ್ಲಿ ಕೂತಿದ್ದಾಗ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇದ್ದಿರಬೇಕು.

20 ಡಾಲರ್‌ನ ಮಲ್ಟಿಮೀಟರ್ ಸಾಕು. ಪ್ಲಗ್ ತೆಗೆಯಿರಿ. ಮೊದಲು ಏನೂ ಓಡದಿರುವಾಗ ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ವೋಲ್ಟೇಜ್ ಅಳೆಯಿರಿ, ಫ್ಯೂಸ್ ಬೋರ್ಡ್‌ಗೆ ಬ್ಯಾಟರಿ ವೈರ್ ಬಂದು ಸೇರುವ ಜಾಗದಲ್ಲೂ ಅಳೆಯಿರಿ. ಆಮೇಲೆ ಹೀಟರ್ ಹಾಕಿ ಎರಡು ಕಡೆಯೂ ಮತ್ತೆ ಅಳೆಯಿರಿ. ಲೋಡ್ ಇಲ್ಲದೆ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ, ಹೀಗೇ ಎಷ್ಟೋ ಜನ ಮೋಸ ಹೋಗುತ್ತಾರೆ. ಬೋರ್ಡ್ ಒಳಗೆ 120 ವೋಲ್ಟ್ ಬ್ರೇಕರ್‌ಗಳೂ ಪಕ್ಕದಲ್ಲೇ ಇರುತ್ತವೆ, ಆದ್ದರಿಂದ ಹೊರಗಿನ ಪ್ಲಗ್ ತೆಗೆದಿದೆ ಅಂತ ಎರಡು ಸಲ ನೋಡಿಕೊಂಡೇ ಮುಚ್ಚಳ ತೆಗೆಯಿರಿ.

ಧಾರವಾಡದಾಕಿ

ಗೀಸರ್ ವಿಷಯವನ್ನು ಹಗುರವಾಗಿ ತಗೋಬೇಡಿ ಅಣ್ಣಾ. ಮೊದಲಿಗೆ ಅದನ್ನು ಆಫ್ ಮಾಡಿ, ಅದರ ಬ್ರೇಕರ್ ಕೂಡ ಇಳಿಸಿಬಿಡಿ.

ಗ್ಯಾರೇಜ್ ಪ್ಲಗ್ 15 ಆಂಪ್, ಗೀಸರ್ ಕಾಯಿಲ್ 1440 ವ್ಯಾಟ್ ಅಂದರೆ 12 ಆಂಪ್, ಅದಕ್ಕೇ ಲೋಡ್ ಜಾಸ್ತಿಯಾಗಿ ಟ್ರಿಪ್ ಆಯಿತು ಅಂತ ಅನ್ನಿಸಬಹುದು. ಆದರೆ ಲೋಡ್ ಜಾಸ್ತಿ ಆದರೆ ಬೀಳುವುದು ಬೋರ್ಡಿನಲ್ಲಿರುವ ಬ್ರೇಕರ್. ಜಿಎಫ್‌ಸಿಐ ಟ್ರಿಪ್ ಆಗಿದೆ ಅಂದರೆ ಹೋದ ಕರೆಂಟ್ ಪೂರ್ತಿ ವಾಪಸ್ ಬರುತ್ತಿಲ್ಲ, ಬೇರೆ ದಾರಿಯಲ್ಲಿ ಸೋರುತ್ತಿದೆ ಅಂತ ಅರ್ಥ. ಸುಮಾರು 5 ಮಿಲಿಆಂಪ್ ಸೋರಿದರೆ ಸಾಕು, ಅದು ಬಿಡುತ್ತದೆ. ಕ್ಯಾಂಪ್‌ಗ್ರೌಂಡಿನ ಕಂಬದಲ್ಲಿ ಇರುವ 30 ಆಂಪ್ ಸಾಕೆಟ್‌ಗೆ ಸಾಮಾನ್ಯವಾಗಿ ಜಿಎಫ್‌ಸಿಐ ಇರುವುದಿಲ್ಲ. ಅದಕ್ಕೇ ಅಲ್ಲಿ ಚೆನ್ನಾಗಿ ಕೆಲಸ ಮಾಡಿದ ಹಾಗೆ ಕಂಡಿತು. ಸೋರಿಕೆ ಅಲ್ಲೂ ಇದ್ದಿರಬಹುದು, ತಿಳಿಸುವವರು ಯಾರೂ ಇರಲಿಲ್ಲ ಅಷ್ಟೇ.

ನಮ್ಮದೂ ಹೀಗೇ ಆಗಿತ್ತು. ಒಂದು ಹಳೆಯ ಕ್ಯಾಂಪ್‌ಗ್ರೌಂಡ್, ಹಿಂದಿನ ರಾತ್ರಿ ಮಳೆ ಬಂದಿತ್ತು. ನನ್ನ ಮಗ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಟ್ರೈಲರ್ ಬಾಗಿಲ ಹಿಡಿ ಮುಟ್ಟಿದ. ಅಮ್ಮಾ, ಬಾಗಿಲು ಜುಂ ಅಂತಿದೆ ಅಂದ. ನಾನು ಚಪ್ಪಲಿ ಹಾಕಿದ್ದೆ, ಮುಟ್ಟಿದರೆ ನನಗೆ ಏನೂ ಗೊತ್ತಾಗಲಿಲ್ಲ. ಮಕ್ಕಳು ಹೇಳಿದ್ದನ್ನು ತಳ್ಳಿಹಾಕಬಾರದು ಅಂತ ನಮ್ಮೆಜಮಾನ್ರು ಕಂಬದ ಬ್ರೇಕರ್ ಇಳಿಸಿ, ಪ್ಲಗ್ ತೆಗೆದು, ಆಮೇಲೆ ಸಾಕೆಟ್ ಪರೀಕ್ಷೆ ಮಾಡಿಸಿದರು. ಕಂಬದಲ್ಲಿ ಅರ್ತ್ ಸಂಪರ್ಕವೇ ಬಿಟ್ಟುಹೋಗಿತ್ತು, ನಮ್ಮ ಟ್ರೈಲರ್‌ನಲ್ಲಿ ಗೀಸರ್ ಕಾಯಿಲ್ ಬಿರುಕು ಬಿಟ್ಟಿತ್ತು. ಎರಡೂ ಸೇರಿದಾಗ ಟ್ರೈಲರ್‌ನ ಇಡೀ ಅಲ್ಯೂಮಿನಿಯಂ ಮೈಗೆ ಕರೆಂಟ್ ಬರುತ್ತದೆ. ಈಗಲೂ ಆ ದಿನ ನೆನಸಿಕೊಂಡರೆ ನನ್ನ ಕೈ ತಣ್ಣಗಾಗುತ್ತದೆ. ಅಂದಿನಿಂದ ಯಾವ ಜಾಗಕ್ಕೆ ಹೋದರೂ ಟ್ರೈಲರ್ ಸಿಕ್ಕಿಸುವ ಮುಂಚೆ ಕಂಬವನ್ನು ಟೆಸ್ಟರ್ ಹಾಕಿ ನೋಡುತ್ತೇವೆ. ವೋಲ್ಟೇಜ್, ಅರ್ತ್, ಫೇಸು ನ್ಯೂಟ್ರಲ್ ಅದಲುಬದಲು ಆಗಿದೆಯಾ, ಮೂರೂ ತೋರಿಸುವ ಸರ್ಜ್ ಪ್ರೊಟೆಕ್ಟರ್ ಸಿಗುತ್ತದೆ.

ಪರೀಕ್ಷೆ ಹೀಗೆ. ಪ್ಲಗ್ ತೆಗೆದು ಗೀಸರ್ ಕಾಯಿಲ್‌ನ ಎರಡೂ ವೈರ್ ಬಿಚ್ಚಿ. ಎರಡು ತುದಿಗಳ ನಡುವೆ ಸುಮಾರು 10 ಓಮ್ ಬರಬೇಕು. ಒಂದು ತುದಿಯಿಂದ ಟ್ಯಾಂಕಿನ ಲೋಹಕ್ಕೆ ಅಳೆದರೆ ಮೀಟರ್ ಏನೂ ತೋರಿಸಬಾರದು. ಏನಾದರೂ ಸಂಖ್ಯೆ ಬಂದರೆ ಕಾಯಿಲ್ ಕೆಟ್ಟಿದೆ. ಟ್ಯಾಂಕಲ್ಲಿ ನೀರಿಲ್ಲದೆ ಯಾರಾದರೂ ಸ್ವಿಚ್ ಹಾಕಿದ್ದರೂ ಕಾಯಿಲ್ ಕ್ಷಣದಲ್ಲಿ ಸುಡುತ್ತದೆ, ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇದು ಬಹಳ ಸಾಮಾನ್ಯ.

ಸೊರಬದವನು

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಕ್ಕಾ, ನಿಮ್ಮದು ಓದಿದ ಕೂಡಲೇ ಹೋಗಿ ಗೀಸರ್ ಬ್ರೇಕರ್ ಇಳಿಸಿ ಬಂದೆ.

ಶನಿವಾರ ಬೆಳಗ್ಗೆ ಅಳೆದೆ. ಏನೂ ಓಡದಿರುವಾಗ ಬ್ಯಾಟರಿ 12.6, ಬೋರ್ಡ್ 12.6. ನೀವು ಹೇಳಿದ ಹಾಗೆ ಎಲ್ಲ ಸರಿಯಾಗೇ ಕಂಡಿತು. ಹೀಟರ್ ಹಾಕಿ ಐದು ನಿಮಿಷ ಬಿಟ್ಟು ನೋಡಿದರೆ ಬ್ಯಾಟರಿ 12.4, ಬೋರ್ಡ್ 10.8! ಮತ್ತೆ ಪ್ಲಗ್ ಹಾಕಿ ನೋಡಿದೆ. ಬೋರ್ಡಿನಲ್ಲಿ 13.6 ಇದೆ, ಬ್ಯಾಟರಿಗೆ ತಲುಪುವುದು 12.9. ದಾರಿಯಲ್ಲೇ ಹೋಗುತ್ತಿದೆ. ಎಲ್ಲಿ ಅಂತ ಹೇಗೆ ಹುಡುಕುವುದು ಸಾರ್? ಅರ್ಧ ವೈರ್ ನೆಲದ ಕೆಳಗೆ ಹೋಗಿದೆ, ಕಾಣುವುದೇ ಇಲ್ಲ.

ಶರಾವತಿ ತೀರ

1.6 ವೋಲ್ಟ್ ಕಮ್ಮಿ ಅಲ್ಲ. 8 ಆಂಪ್ ಹರಿಯುವಾಗ ಅಷ್ಟು ಬಿತ್ತು ಅಂದರೆ ಸುಮಾರು 13 ವ್ಯಾಟ್ ಶಾಖ ಎಲ್ಲೋ ಒಂದು ಸಣ್ಣ ಜಾಗದಲ್ಲಿ ಕೂತಿದೆ. ಹೀಟರ್ ಇಪ್ಪತ್ತು ನಿಮಿಷ ಓಡಿಸಿ, ಬ್ಯಾಟರಿಯಿಂದ ಹೊರಟ ವೈರ್ ಹಿಡಿದುಕೊಂಡು ಪ್ರತಿ ಜೋಡಣೆಯ ಹತ್ತಿರ ಕೈ ಒಯ್ಯಿರಿ, ಹುಷಾರಾಗಿ. ಬಿಸಿ ಇದ್ದ ಕಡೆ ನಿಲ್ಲಿ.

ಮೀಟರಿನಲ್ಲೂ ಹುಡುಕಬಹುದು. ಹೀಟರ್ ಓಡುತ್ತಿರುವಾಗ ಒಂದು ಕಡ್ಡಿಯನ್ನು ಬ್ಯಾಟರಿ ಪ್ಲಸ್ ಮೇಲೆ ಇಡಿ, ಇನ್ನೊಂದನ್ನು ಮುಂದಿನ ಜೋಡಣೆಯ ಮೇಲೆ. ಸೊನ್ನೆಯ ಹತ್ತಿರ ಬಂದರೆ ಅಲ್ಲಿವರೆಗೆ ದಾರಿ ಚೆನ್ನಾಗಿದೆ, ಅದರ ಮುಂದಿನದ್ದಕ್ಕೆ ಹೋಗಿ. ಯಾವ ಜೋಡಣೆ ದಾಟಿದ ಮೇಲೆ ಸಂಖ್ಯೆ ಎದ್ದು ಬರುತ್ತದೋ ಅದೇ ಕಳ್ಳ. ಮೈನಸ್ ಕಡೆಯೂ ಹೀಗೇ ನೋಡಿ. ಚಾಸಿಗೆ ಮೈನಸ್ ವೈರನ್ನು ಒಂದು ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಅದು ತುಕ್ಕು ಹಿಡಿದಿದ್ದರೂ ಇದೇ ಲಕ್ಷಣ.

ನನಗೆ ಅನುಮಾನ ಇರುವುದು ಬ್ಯಾಟರಿ ಹತ್ತಿರದ ಸಣ್ಣ ಬ್ರೇಕರ್ ಮೇಲೆ. ಬ್ಯಾಟರಿಯಿಂದ ಒಂದೆರಡು ಅಡಿ ಒಳಗೆ, ಮುಂದಿನ ಚೌಕಟ್ಟಿನ ಕೆಳಗೆ, ಬೆಂಕಿಪೊಟ್ಟಣದ ಅರ್ಧದಷ್ಟು ಲೋಹದ ಡಬ್ಬಿ, ಮೇಲೆ ಎರಡು ಬೋಲ್ಟು. ರಸ್ತೆಯ ನೀರೂ ಉಪ್ಪೂ ಧೂಳೂ ಎಲ್ಲ ಬಂದು ಬೀಳುವುದು ಅದರ ಮೇಲೇ.

ಉಡುಪಿಯಿಂದ ಟೆಕ್ಸಾಸ್

ಫ್ಯೂಸ್ ವಿಷಯ ನನ್ನದು ತಪ್ಪು, ಶರಾವತಿಯವರು ಹೇಳಿದ್ದು ಸರಿ.

ಈಗ 30 ಆಂಪ್ ಪ್ಲಗ್. ಇದು ಓದದೆ ಹಾಕಿಸಬೇಡಿ. ನಾನು ಹಾಕಿಸಿದ್ದೆ. ಬಂದ ಎಲೆಕ್ಟ್ರಿಷಿಯನ್ ಲೈಸೆನ್ಸ್ ಇದ್ದವರು, ಒಳ್ಳೆಯ ಕೆಲಸಗಾರರು, ಆದರೆ ಟ್ರೈಲರ್ ಕೆಲಸ ಮಾಡಿದವರಲ್ಲ. 30 ಆಂಪ್ ಅಂದ ಕೂಡಲೇ ಬಟ್ಟೆ ಒಣಗಿಸುವ ಡ್ರೈಯರ್ ಪ್ಲಗ್ ಅಂದುಕೊಂಡು ಎರಡು ಫೇಸ್ ಎಳೆದು 240 ವೋಲ್ಟ್ ಕೊಟ್ಟರು. ಹಳೆಯ ಡ್ರೈಯರ್ ಪ್ಲಗ್ಗಿಗೂ ಮೂರೇ ಕಡ್ಡಿ, ಇದಕ್ಕೂ ಮೂರೇ, ನೋಡಲು ಹತ್ತಿರ ಹತ್ತಿರ ಇವೆ. ಟ್ರೈಲರ್‌ನ 30 ಆಂಪ್ ಯಾವತ್ತೂ 120 ವೋಲ್ಟ್ ಮಾತ್ರ. ಒಂದು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ತ್. ಪ್ಲಗ್ ಸಿಕ್ಕಿಸಿ ಬ್ರೇಕರ್ ಎತ್ತಿದೆ, ಮೈಕ್ರೋವೇವ್ ಪಟ್ ಅಂದಿತು, ಆಮೇಲೆ ಕನ್ವರ್ಟರಿನಿಂದ ಹೊಗೆ. ಟಿವಿ ಕೂಡ ಹೋಯಿತು. ಅದು ಒಂದು ನಿಮಿಷದ ಕೆಲಸ, ಸರಿ ಮಾಡಲು ನನಗೆ ಒಂದು ಬೇಸಿಗೆ ಬೇಕಾಯಿತು.

ಆದ್ದರಿಂದ ಸಾಕೆಟ್ ತರುವಾಗಲೇ ಟಿಟಿ-30 ಅಂತ ಕೇಳಿ ತನ್ನಿ. ಬ್ರೇಕರ್ ಒಂಟಿ ಪೋಲ್ 30 ಆಂಪ್ ಇರಬೇಕು, ಜೋಡಿ ಅಲ್ಲ. ವೈರ್ 10 ಗೇಜಿನ ತಾಮ್ರ, ದೂರ ಜಾಸ್ತಿ ಇದ್ದರೆ ಇನ್ನೂ ದಪ್ಪ. ಕೆಲಸ ಮುಗಿದ ಮೇಲೆ, ಟ್ರೈಲರ್ ಸಿಕ್ಕಿಸುವ ಮುಂಚೆ, ನೀವೇ ಮೀಟರ್ ಇಟ್ಟು ನೋಡಿ. ಓರೆಯಾಗಿರುವ ಎರಡು ಸೀಳುಗಳ ನಡುವೆ 120 ಇರಬೇಕು, ಅರ್ತ್ ಮತ್ತು ನ್ಯೂಟ್ರಲ್ ನಡುವೆ ಸೊನ್ನೆ. 240 ಕಂಡರೆ ಅಲ್ಲೇ ನಿಲ್ಲಿಸಿ.

ಧಾರವಾಡದಾಕಿ

ಇನ್ನೊಂದು ಮಾತು, ನಮ್ಮ ಅಡುಗೆಮನೆಯವರಿಗೆ. 30 ಆಂಪ್ ಅಂದರೆ ಎಲ್ಲ ಸೇರಿ 3600 ವ್ಯಾಟ್. ಇಂಡಕ್ಷನ್ ಒಲೆ ಜೋರಿನಲ್ಲಿಟ್ಟರೆ 1800, ಗೀಸರ್ 1440, ಅಲ್ಲಿಗೇ 3240 ಆಯಿತು. ಫ್ರಿಜ್ ಕರೆಂಟಿನಲ್ಲಿದ್ದರೆ ಇನ್ನೊಂದು 300 ಸೇರುತ್ತದೆ. ಆಮೇಲೆ ಚಟ್ನಿಗೆ ಮಿಕ್ಸಿ ತಿರುಗಿಸಿದರೆ ಸಾಕು, ಮೇನ್ ಬೀಳುತ್ತದೆ. ಸ್ನಾನ ಮುಗಿಸಿ ಗೀಸರ್ ಆರಿಸಿ ಆಮೇಲೆ ದೋಸೆ ಹಾಕಿ, ಇಲ್ಲಾಂದ್ರೆ ಗೀಸರನ್ನು ಗ್ಯಾಸಿಗೆ ಹಾಕಿಕೊಳ್ಳಿ. ಗ್ಯಾರೇಜ್ ಪ್ಲಗ್ಗಿನಲ್ಲಂತೂ 1800 ವ್ಯಾಟೇ ಮಿತಿ, ಅಲ್ಲಿ ಬ್ಯಾಟರಿ ಚಾರ್ಜಿಂಗ್ ಮತ್ತು ಫ್ರಿಜ್ ಸಾಕು. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಹಾಕಲೇಬೇಡಿ. ಅಡಾಪ್ಟರ್ ಮುಟ್ಟಿ ನೋಡಿ, ಬಿಸಿ ಇದ್ದರೆ ತೆಗೆದುಬಿಡಿ.

ಸೊರಬದವನು

ಸಿಕ್ಕಿತು!

ಶರಾವತಿ ಸಾರ್ ಹೇಳಿದ ಜಾಗದಲ್ಲೇ. ಚೌಕಟ್ಟಿನ ಕೆಳಗೆ ಕಾರ್ಡ್‌ಬೋರ್ಡ್ ಹಾಸಿ ಮಲಗಿ ಟಾರ್ಚ್ ಹಾಕಿ ನೋಡಿದೆ. ಬ್ರೇಕರಿನ ಒಂದು ಬೋಲ್ಟಿನ ಮೇಲೆ ಹಸಿರು ಕಿಲುಬು ಎಷ್ಟು ಕಟ್ಟಿತ್ತು ಅಂದರೆ ನಟ್ಟೇ ಕಾಣುತ್ತಿರಲಿಲ್ಲ. ಅಜ್ಜಿ ಮನೆಯ ಹಳೇ ತಾಮ್ರದ ಹಂಡೆಯ ಅಂಚಲ್ಲಿ ಇರುತ್ತಿತ್ತಲ್ಲ, ಅದೇ ಬಣ್ಣ. ವೈರಿನ ಪ್ಲಾಸ್ಟಿಕ್ ಅಲ್ಲಿ ಕಂದು ಬಣ್ಣಕ್ಕೆ ತಿರುಗಿ ಒಂದು ಇಂಚು ಹಿಂದೆ ಸರಿದಿತ್ತು. ಹೀಟರ್ ಓಡುವಾಗ ಬೆರಳು ಇಡಲು ಆಗಲಿಲ್ಲ, ಅಷ್ಟು ಬಿಸಿ. ಮೀಟರಿನಲ್ಲಿ ಆ ಒಂದು ಬ್ರೇಕರ್ ಆಚೆ ಈಚೆ 1.4 ವೋಲ್ಟ್. ಮೈನಸ್ ಕಡೆ 0.1.

ಬ್ಯಾಟರಿ ಮೈನಸ್ ಮೊದಲು ಬಿಚ್ಚಿ, ಬ್ರೇಕರ್ ತೆಗೆದು, ಅದೇ 40 ಆಂಪ್‌ನ ಹೊಸದು ತಂದೆ. 6 ಡಾಲರ್. ಅಂಗಡಿಯಲ್ಲಿ 50ರದ್ದು ಹಾಕಿಕೊಳ್ಳಿ ಅಂದರು, ವೈರ್ ಅದೇ ಇರುವಾಗ ದೊಡ್ಡದು ಯಾಕೆ ಅಂತ ಬೇಡ ಅಂದೆ. ಸುಟ್ಟ ವೈರ್ ತುದಿ ಕತ್ತರಿಸಿ, ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಒತ್ತಿ, ಮೇಲೆ ರಬ್ಬರ್ ಟೊಪ್ಪಿ ಹಾಕಿದೆ. ಈಗ ಹೀಟರ್ ಓಡುವಾಗ ಬ್ಯಾಟರಿ 12.4, ಬೋರ್ಡ್ 12.2.

ಗೀಸರ್ ಕಾಯಿಲ್ ಕೂಡ ಅಳೆದೆ. ತುದಿಯಿಂದ ತುದಿಗೆ 10 ಓಮ್, ಟ್ಯಾಂಕಿಗೆ 6 ಕಿಲೋ ಓಮ್. ಕೆಟ್ಟಿದೆ. ಹೊಸದು ತರಿಸಿದ್ದೇನೆ. ಅದು ಬರುವವರೆಗೆ ಆ ಎರಡು ವೈರ್ ಬಿಚ್ಚಿ ಟೇಪ್ ಸುತ್ತಿಟ್ಟಿದ್ದೇನೆ, ಬ್ರೇಕರ್ ಕೆಳಗೇ ಇದೆ. ನಮ್ಮ ಮಗಳೂ ಸದಾ ಬರಿಗಾಲು ಅಕ್ಕಾ, ನಿಮ್ಮ ಮಗ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

ನಿನ್ನೆ ರಾತ್ರಿ ಮನೆ ಮುಂದೆಯೇ ಪ್ಲಗ್ ಇಲ್ಲದೆ ಟ್ರೈಲರ್‌ನಲ್ಲಿ ಮಲಗಿದೆವು. ಅಮ್ಮನೂ ಬಂದರು. ಹೊರಗೆ 38 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಬೆಳಗ್ಗೆ ಆರಕ್ಕೆ ಎದ್ದು ಮೊದಲು ಮೀಟರ್ ಇಟ್ಟೆ, ಬ್ಯಾಟರಿ 12.2. ಹೀಟರ್ ಒಂದು ಸಲವೂ ತಪ್ಪಲಿಲ್ಲ. ಅಮ್ಮ ಸೆಕೆ ಆಗುತ್ತೆ, ಸ್ವಲ್ಪ ಕಮ್ಮಿ ಮಾಡು ಅಂದರು.

ಕೊನೆಗೊಂದು ಪ್ರಶ್ನೆ. ಹಳೇ ಬ್ಯಾಟರಿ ಗ್ಯಾರೇಜಿನಲ್ಲಿದೆ. ಅದು ಕೆಟ್ಟಿರಲೇ ಇಲ್ಲ ಅಂತಾದರೆ ಹೊಸದರ ಜೊತೆ ಸೇರಿಸಿ ಎರಡೂ ಇಟ್ಟುಕೊಳ್ಳಬಹುದಾ?

ಶರಾವತಿ ತೀರ

12.2 ಅಂದರೆ ಸುಮಾರು ಅರ್ಧ. ಒಂದು ರಾತ್ರಿಗೆ ಸರಿಯಾಗಿದೆ, ಎರಡನೇ ರಾತ್ರಿಗೆ ನಡುವೆ ಚಾರ್ಜ್ ಬೇಕು. ಯೊಸೆಮಿಟಿಯಲ್ಲಿ ಜನರೇಟರ್‌ಗೆ ಹೊತ್ತು ಗೊತ್ತು ಮಾಡಿದ್ದಾರೆ, ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಅಪ್ಪರ್ ಪೈನ್ಸ್‌ನ ಮರಗಳ ಕೆಳಗೆ ಸೋಲಾರ್ ನಂಬಬೇಡಿ.

ಹಳೆಯದನ್ನು ಹೊಸದರ ಜೊತೆ ಜೋಡಿಸಬೇಡಿ. ಹಳೆಯದು ಹೊಸದನ್ನು ತನ್ನ ಮಟ್ಟಕ್ಕೆ ಎಳೆಯುತ್ತದೆ. ಅದನ್ನು ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಒಂದು ದಿನ ಏನೂ ಸಿಕ್ಕಿಸದೆ ಬಿಟ್ಟು ಅಳೆಯಿರಿ. 12.6 ನಿಂತರೆ ಚೆನ್ನಾಗಿದೆ, ಮೊದಲನೇ ರಾತ್ರಿ ಒಂದು, ಎರಡನೇ ರಾತ್ರಿ ಇನ್ನೊಂದು ಅಂತ ಬದಲಿಸಿಕೊಳ್ಳಬಹುದು. ಹೊತ್ತೊಯ್ಯುವಾಗ ನೆಟ್ಟಗೆ ಇಟ್ಟು ಕಟ್ಟಿ, ಟರ್ಮಿನಲ್‌ಗೆ ಟೊಪ್ಪಿ ಹಾಕಿ, ಟ್ರೈಲರ್ ಒಳಗೆ ಇಡಬೇಡಿ. ಕಾಯಿಲ್ ಬದಲಿಸುವ ದಿನ ಟ್ಯಾಂಕ್ ತಣ್ಣಗಾದ ಮೇಲೆ ಪ್ರೆಷರ್ ಬಿಟ್ಟು ನೀರು ಇಳಿಸಿ. ಹೊಸದು ಹಾಕಿ ಟ್ಯಾಂಕ್ ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ನೀರು ಒಂದೇ ಸಮ ಬಂದ ಮೇಲೆ ಮಾತ್ರ ಸ್ವಿಚ್ ಹಾಕಿ.

ಅಮ್ಮನವರಿಗೆ ನಮಸ್ಕಾರ ತಿಳಿಸಿ.